ಕಾರ್ಡಿನಲ್ಲಿ ಎರಡು ‘ನಿಲ್’: ಮಂಡ್ಯ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ,
ಮಂಡ್ಯ.

ನಮಸ್ಕಾರ.

ನಾನು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯವಳು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಈ ಪತ್ರ ಬರೆಯುವಾಗ ನನ್ನ ಮುಂದೆ ಒಂದು ತಾಯಿ ಕಾರ್ಡ್ ಇದೆ. ನನ್ನ ಮಗಳದು. ಮೂಲೆಗಳೆಲ್ಲ ಮಡಿಸಿಹೋಗಿವೆ, ಒಂದು ಕಡೆ ಅರಿಶಿನದ ಬೆರಳಚ್ಚು ಹಾಗೇ ಉಳಿದಿದೆ. ಮೂತ್ರ ಪರೀಕ್ಷೆ ಅನ್ನುವ ಜಾಗದಲ್ಲಿ ಎರಡು ಕಾಲಂ. ಒಂದು ಆಲ್ಬುಮಿನ್ ಅನ್ನುವ ಪ್ರೋಟೀನು, ಇನ್ನೊಂದು ಶುಗರ್. ಅವಳು ಐದು ಸಲ ಚೆಕಪ್‌ಗೆ ಹೋಗಿದ್ದಳು. ಐದು ಸಲವೂ ಎರಡೂ ಕಡೆ ‘ನಿಲ್’ ಎಂದು ನೀಲಿ ಪೆನ್ನಿನಲ್ಲಿ ಬರೆದಿದ್ದಾರೆ.

ಆ ‘ನಿಲ್’ ಯಾವುದೂ ಸುಳ್ಳಲ್ಲ. ಆಲ್ಬುಮಿನ್ ಇರಲಿಲ್ಲ, ಸಕ್ಕರೆಯೂ ಇರಲಿಲ್ಲ. ಇದ್ದದ್ದು ಬ್ಯಾಕ್ಟೀರಿಯಾ. ಅದನ್ನು ಕೇಳುವ ಕಾಲಂ ಆ ಕಾರ್ಡಿನಲ್ಲಿ ಇರಲಿಲ್ಲ.

ಐದನೇ ತಿಂಗಳಲ್ಲಿ ಮಗಳು ನಾಲ್ಕು ದಿನ ಇದ್ದು ಹೋಗಲು ಮನೆಗೆ ಬಂದಿದ್ದಳು. ಮಂಡ್ಯದ ಒಂದು ಖಾಸಗಿ ಕಚೇರಿಯಲ್ಲಿ ಅವಳಿಗೆ ಕೆಲಸ. ದಿನಾ ಬಸ್ಸು. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ವಾಪಸ್ ಬರುವುದು ಸಂಜೆ ಆರೂವರೆಗೆ. ಅಲ್ಲಿನ ಬಾತ್‌ರೂಮಿಗೆ ಹೋಗಲು ಆಗುವುದಿಲ್ಲ ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿಕೊಂಡಿದ್ದಳು. ಅವತ್ತು ನಾನು ಒಲೆ ಮುಂದೆ ಇದ್ದೆ. ಅಡುಗೆಮನೆ ಬಾಗಿಲಲ್ಲಿ ನಿಂತು, ಹಾಲ್‌ನಲ್ಲಿ ಕೂತಿದ್ದ ಅವರಪ್ಪನಿಗೆ ಕೇಳಿಸದ ಹಾಗೆ, “ಅಮ್ಮ, ಒಂದಕ್ಕೆ ಹೋದ್ರೆ ಉರಿ” ಅಂದಳು.

“ಉಷ್ಣ ಆಗಿರುತ್ತೆ ಬಿಡು” ಅಂದೆ.

ಎಳನೀರು ತರಿಸಿದೆ. ಬಾರ್ಲಿ ನೀರು ಕಾಸಿ ಕೊಟ್ಟೆ. ರಾತ್ರಿ ನೆತ್ತಿಗೆ ಹರಳೆಣ್ಣೆ ತಟ್ಟಿದೆ. ನಾಲ್ಕು ದಿನಕ್ಕೆ ಉರಿ ಕಡಿಮೆಯಾಯಿತು. ನನ್ನ ಮದ್ದು ಕೆಲಸ ಮಾಡಿತು ಅಂದುಕೊಂಡೆ. ಬ್ಯಾಕ್ಟೀರಿಯಾದ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಹೆತ್ತ ಮಗಳು ಉರಿ ಅಂದಾಗ ನನ್ನ ಬಾಯಿಗೆ ಬಂದದ್ದು ನಮ್ಮಮ್ಮ ಹೇಳುತ್ತಿದ್ದ ಮಾತು. ಈ ನೋವು ನನ್ನೊಳಗೆ ಇನ್ನೂ ಇದೆ.

ಮುಂದಿನ ಚೆಕಪ್‌ನಲ್ಲಿ ಅವಳು ಉರಿಯ ವಿಷಯ ಹೇಳಿದ್ದಳಂತೆ. “ಬಸುರೀಲಿ ಇದೆಲ್ಲ ಮಾಮೂಲಿ, ನೀರು ಜಾಸ್ತಿ ಕುಡೀರಿ” ಎಂದು ಹೇಳಿ ಕಳಿಸಿದರು. ಬಾಟಲಿಗೆ ಒಂದು ಪಟ್ಟಿ ಅದ್ದಿ ನೋಡಿದರು. ಮತ್ತೆ ಎರಡು ‘ನಿಲ್’. ಅದು ಯಾವ ಆಸ್ಪತ್ರೆ ಎಂದು ನಾನು ಬರೆಯುವುದಿಲ್ಲ. ಅವರ ಮೇಲೆ ನನಗೆ ಹಗೆಯಿಲ್ಲ. ಆ ದಿನ ಹೊರಗಿನ ಬೆಂಚುಗಳು ತುಂಬಿ ಹೆಂಗಸರು ನೆಲದ ಮೇಲೆ ಕೂತಿದ್ದರು. ಕಾರ್ಡು ಏನು ಕೇಳಿತೋ ಅದನ್ನು ಅವರು ಬರೆದರು.

ಮೂವತ್ತೊಂದನೇ ವಾರದಲ್ಲಿ ಬಲಗಡೆ ಪಕ್ಕೆಯ ಕೆಳಗೆ ನೋವು ಶುರುವಾಯಿತು. ಮಗು ಒದೆಯುತ್ತಿದೆ ಅಂದುಕೊಂಡೆವು. ಎರಡನೇ ದಿನ ರಾತ್ರಿ ಚಳಿ ಹಿಡಿಯಿತು. ಎಂಥ ಚಳಿ ಅಂದರೆ ಮೂರು ಕಂಬಳಿ ಹೊದಿಸಿದರೂ ಮಂಚ ಅಲುಗುತ್ತಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಆಮೇಲೆ ಜ್ವರ, ವಾಂತಿ. ಬೆಳಗಿನ ಜಾವ ಕಾರು ಹಿಡಿದು ಮಂಡ್ಯ ಮುಟ್ಟಿದೆವು. ಅಲ್ಲಿಂದ ಮೈಸೂರು. ಶ್ರೀರಂಗಪಟ್ಟಣದ ಸೇತುವೆ ದಾಟುವ ಹೊತ್ತಿಗೆ ನೀರು ಹೋಗಲು ಶುರುವಾಗಿತ್ತು. ಡ್ರೈವರ್ ಹುಡುಗ ಹಿಂದಕ್ಕೆ ತಿರುಗಿ ನೋಡದೆ, ಹಾರ್ನ್ ಮೇಲೆ ಕೈ ಇಟ್ಟವನು ಆಸ್ಪತ್ರೆ ಗೇಟಿನವರೆಗೂ ತೆಗೆಯಲಿಲ್ಲ.

ಮಗು ಮರುದಿನ ಹುಟ್ಟಿತು. ಹೆಣ್ಣು. 1 ಕಿಲೋ 420 ಗ್ರಾಂ.

ಮಗುವನ್ನು ನಾನು ಮೊದಲು ನೋಡಿದ್ದು ಗಾಜಿನ ಆಚೆ. ಮೂಗಿಗೆ ಗಾಳಿಯ ನಳಿಗೆ, ಬಾಯಿಗೆ ಹಾಲಿನ ನಳಿಗೆ, ಪಾದಕ್ಕೆ ಕೆಂಪು ಬೆಳಕಿನ ಒಂದು ಪಟ್ಟಿ. ಪಾದ ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಉದ್ದ ಇತ್ತು ಅಷ್ಟೆ. ಸೋಂಕು ಇರಬಹುದು ಎಂದು ಮೊದಲ ದಿನದಿಂದಲೇ ಆ್ಯಂಟಿಬಯೋಟಿಕ್ ಹಾಕಿದರು. ಸಿಆರ್‌ಪಿ ಎಂದು ಸೋಂಕಿನ ಸುಳಿವು ಕೊಡುವ ರಕ್ತದ ಪರೀಕ್ಷೆ ದಿನ ಬಿಟ್ಟು ದಿನ ಮಾಡುತ್ತಿದ್ದರು. ನೆತ್ತಿಯ ಮೆತ್ತನೆ ಜಾಗದ ಮೇಲೆ ಯಂತ್ರ ಇಟ್ಟು ಮೆದುಳಿನ ಸ್ಕ್ಯಾನ್ ತೆಗೆದರು. ನಾಲ್ಕನೇ ವಾರದಲ್ಲಿ ಕಣ್ಣಿನ ಡಾಕ್ಟರು ಬಂದು ಕಣ್ಣಿನ ಹಿಂಪರದೆ ನೋಡಿದರು. ಮಗಳು ಎರಡು ಗಂಟೆಗೊಮ್ಮೆ ಹಾಲು ಹಿಂಡಿ ಸಣ್ಣ ಬಟ್ಟಲಿಗೆ ತುಂಬುತ್ತಿದ್ದಳು. ಮೊದಮೊದಲು ಅದು ಒಂದು ಚಮಚವೂ ಆಗುತ್ತಿರಲಿಲ್ಲ. ಮಗು ಸ್ವಲ್ಪ ಸುಧಾರಿಸಿದ ಮೇಲೆ ಕಾಂಗರೂ ಆರೈಕೆ. ತಾಯಿಯ ಎದೆಗೆ ಮಗುವನ್ನು ಬರಿಮೈಯಲ್ಲಿ ಕಟ್ಟಿ ಗಂಟೆಗಟ್ಟಲೆ ಕೂರಿಸುತ್ತಿದ್ದರು. ಆ ವಾರ್ಡಿನ ನರ್ಸಮ್ಮಂದಿರಿಗೆ ನಾನು ಬದುಕಿರುವ ತನಕ ಕೈ ಮುಗಿಯುತ್ತೇನೆ. ಮೂವತ್ತಮೂರು ದಿನ ಆದ ಮೇಲೆ ಮನೆಗೆ ಬಂದೆವು.

ಮನೆಗೆ ಬರುವ ಮೊದಲು ಡಾಕ್ಟರು ಮಗಳನ್ನೂ ನನ್ನನ್ನೂ ಕೂರಿಸಿಕೊಂಡು ಎರಡು ಕಾಗದ ತೋರಿಸಿದರು. ಒಂದು ಮೂತ್ರದ ಕಲ್ಚರ್ ವರದಿ, ಅಂದರೆ ಮೂತ್ರದಲ್ಲಿರುವ ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ. ಅದರಲ್ಲಿ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ ಬೆಳೆದಿತ್ತು, ಮಿಲಿಲೀಟರಿಗೆ 1 ಲಕ್ಷಕ್ಕಿಂತ ಜಾಸ್ತಿ. ಇನ್ನೊಂದು ಮಾಸಿನ ಪರೀಕ್ಷೆಯ ವರದಿ. ಮಾಸನ್ನು ಪರೀಕ್ಷೆಗೆ ಕಳಿಸುತ್ತಾರೆ ಎಂದೇ ನನಗೆ ಗೊತ್ತಿರಲಿಲ್ಲ. “ಪೊರೆಯಲ್ಲಿ ಉರಿಯೂತ ಇತ್ತು ಅಮ್ಮಾ” ಅಂದರು ಡಾಕ್ಟರು.

ಉರಿಯೂತ. ಉರಿ ಮತ್ತು ಊತ. ಮಗಳು ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದ ಮಾತಿನಲ್ಲೇ ಅದರ ಅರ್ಧ ಇತ್ತು.

ಸಾರ್, ನಿಮಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಆದರೆ ಈ ಪತ್ರವನ್ನು ನಮ್ಮ ಜಿಲ್ಲೆಯ ಹೆಣ್ಣುಮಕ್ಕಳೂ ಅತ್ತೆಯಂದಿರೂ ಓದಲಿ ಎಂಬ ಆಸೆ ನನ್ನದು. ಅದಕ್ಕೆ ಪಾಠದ ಥರ ಸ್ವಲ್ಪ ಬರೆಯುತ್ತೇನೆ.

ಕಬ್ಬಿನ ಗದ್ದೆಗೆ ಇಳಿದವರಿಗೆ ಸೋಗೆ ತರಚುವುದು ಹೊಸದಲ್ಲ. ಮರುದಿನ ನೋಡಿದರೆ ಗೀರಿದ ಜಾಗ ಕೆಂಪಗಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತಿರುತ್ತದೆ. ಅದೇ ಉರಿಯೂತ. ಅದು ರೋಗ ಅಲ್ಲ, ಮೈಯ ಕಾವಲು. ಹೊರಗಿನಿಂದ ನುಗ್ಗಿದ ಕ್ರಿಮಿಯ ಮೇಲೆ ರಕ್ತದ ಬಿಳಿಕಣಗಳು ಬೀಳುತ್ತವೆ. ಸೈಟೊಕೈನ್ ಅನ್ನುವ ರಾಸಾಯನಿಕಗಳನ್ನು ಬಿಟ್ಟು ಇನ್ನಷ್ಟು ಬಿಳಿಕಣಗಳನ್ನು ಕರೆಯುತ್ತವೆ. ಕೈ ಮೇಲಾದರೆ ಎರಡು ದಿನ ನೋಯುತ್ತದೆ, ವಾಸಿಯಾಗುತ್ತದೆ.

ಬಸುರಿಯ ಒಳಗೆ ಇದೇ ನಡೆದರೆ ಕಥೆ ಬೇರೆ. ಗರ್ಭ ನಿಲ್ಲಲು ಬೇಕಾದ ಪ್ರೊಜೆಸ್ಟರಾನ್ ಹಾರ್ಮೋನು ಮೂತ್ರನಾಳವನ್ನೂ ಸಡಿಲ ಮಾಡುತ್ತದೆ. ಬೆಳೆಯುವ ಗರ್ಭಕೋಶ ಅದರ ಮೇಲೆ ಒತ್ತುತ್ತದೆ, ಬಲಗಡೆ ಇನ್ನೂ ಜಾಸ್ತಿ. ಮೂತ್ರ ಸರಾಗವಾಗಿ ಹರಿಯದೆ ನಿಂತಲ್ಲಿ ಬ್ಯಾಕ್ಟೀರಿಯಾ ಬೆಳೆದು ಕಿಡ್ನಿಗೆ ಏರುತ್ತದೆ. ನನ್ನ ಮಗಳ ಬಲಪಕ್ಕೆಯ ನೋವು ಅದೇ. ಇತ್ತ ಕೆಳಗಿನಿಂದ ಕ್ರಿಮಿ ಮೇಲೇರಿ ಮಗುವಿನ ಸುತ್ತಲಿನ ಪೊರೆ ಮುಟ್ಟಿದರೆ ಅಲ್ಲೂ ಉರಿಯೂತ ಶುರುವಾಗುತ್ತದೆ. ಅಲ್ಲಿ ಬಿಡುಗಡೆಯಾಗುವ ಸೈಟೊಕೈನ್‌ಗಳು ಪ್ರೊಸ್ಟಗ್ಲಾಂಡಿನ್ ಅನ್ನುವ ವಸ್ತುವನ್ನು ಹೆಚ್ಚಿಸುತ್ತವೆ. ದಿನ ತುಂಬಿದಾಗ ಹೆರಿಗೆ ನೋವು ಎಬ್ಬಿಸುವುದೂ ಇದೇ ವಸ್ತು. ದಿನ ತುಂಬುವ ಮೊದಲೇ ಅದು ಜಾಸ್ತಿಯಾದರೆ ಗರ್ಭಕೋಶದ ಬಾಯಿ ಮೆತ್ತಗಾಗುತ್ತದೆ, ಪೊರೆ ಸವೆದು ಹರಿಯುತ್ತದೆ, ನೋವು ಬರುತ್ತದೆ.

37 ವಾರಕ್ಕೆ ಮೊದಲು ಹುಟ್ಟಿದರೆ ಅವಧಿಪೂರ್ವ ಮಗು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಪ್ರಪಂಚದಲ್ಲಿ ಸುಮಾರು 1.34 ಕೋಟಿ ಮಕ್ಕಳು ಹೀಗೆ ಹುಟ್ಟಿದರು. ಅದರಲ್ಲಿ 30 ಲಕ್ಷ ಭಾರತದಲ್ಲೇ. ಇಂಥ ಹೆರಿಗೆಗಳಲ್ಲಿ ನಾಲ್ಕರಲ್ಲಿ ಒಂದಕ್ಕಾದರೂ ಒಳಗಿನ ಸೋಂಕು, ಉರಿಯೂತ ಕಾರಣ ಎಂದು ತಜ್ಞರು ಹೇಳುತ್ತಾರೆ.

ಬೇಗ ಹುಟ್ಟುವುದು ಒಂದು ಕಷ್ಟ. ಇನ್ನೊಂದು ಕಷ್ಟ ಹೆಚ್ಚಿನವರಿಗೆ ಗೊತ್ತಿಲ್ಲ. ಪೊರೆಯ ಉರಿಯೂತ ಮಗುವಿಗೂ ಹತ್ತಿಕೊಳ್ಳಬಹುದು. ಹತ್ತಿದರೆ ಮಗುವಿನ ರಕ್ತದಲ್ಲೂ ಅದೇ ಸೈಟೊಕೈನ್ ಏರುತ್ತದೆ. ಕರೆಂಟ್ ವೈರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುತ್ತದಲ್ಲ, ಹಾಗೆ ಮೆದುಳಿನ ನರತಂತುಗಳ ಮೇಲೂ ಒಂದು ಹೊದಿಕೆ ಬೆಳೆಯಬೇಕು. ಅದನ್ನು ಹೆಣೆಯುವ ಕಣಗಳು 24ರಿಂದ 32ನೇ ವಾರದ ಹೊತ್ತಿಗೆ ತೀರಾ ಎಳೆಯವು. ಉರಿಯೂತದ ಬಿಸಿ ತಾಗಿದರೆ ಬಾಡುತ್ತವೆ. ಮುಂದೆ ಕೈಕಾಲು ಬಿಗಿಯಾಗುವುದು, ನಡಿಗೆ ತಡವಾಗುವುದು ಇಲ್ಲಿಂದ ಬರಬಹುದು. ಎಳೆ ಶ್ವಾಸಕೋಶಕ್ಕೂ ಪೆಟ್ಟು ಬೀಳಬಹುದು.

ನಮ್ಮ ಪುಟ್ಟಿಗೆ ಈಗ ಹದಿನಾಲ್ಕು ತಿಂಗಳು. ನಗುತ್ತಾಳೆ, ‘ತಾತ’ ಅನ್ನುತ್ತಾಳೆ, ರಾಗಿ ಸರಿ ಬಟ್ಟಲು ಕಿತ್ತುಕೊಳ್ಳುತ್ತಾಳೆ. ಎಡಗಾಲು ಮಾತ್ರ ಸ್ವಲ್ಪ ಬಿಗಿ. ಗೋಡೆ ಹಿಡಿದು ನಿಂತಾಗ ಆ ಕಾಲಿನ ಹಿಮ್ಮಡಿ ನೆಲ ಮುಟ್ಟುವುದಿಲ್ಲ. ವಾರಕ್ಕೊಮ್ಮೆ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುತ್ತೇವೆ. ಇದು ಸೋಂಕಿನಿಂದಲೇ ಆದದ್ದು ಎಂದು ಯಾವ ಡಾಕ್ಟರೂ ಖಡಾಖಂಡಿತ ಹೇಳಿಲ್ಲ, ನಾನೂ ಹೇಳುವುದಿಲ್ಲ.

ಹಾಗೆಯೇ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಉರಿಯೂತ ಕಂಡ ಕಡೆಯೆಲ್ಲ ಔಷಧಿ ಕೊಟ್ಟರೆ ಮಗು ದಿನ ತುಂಬಿಯೇ ಹುಟ್ಟುತ್ತದೆ ಎಂದೇನಿಲ್ಲ. ವಸಡಿನ ಕಾಯಿಲೆ ಇರುವ ಬಸುರಿಯರಲ್ಲಿ ಅವಧಿಪೂರ್ವ ಹೆರಿಗೆ ಜಾಸ್ತಿ ಎಂದು ಕಂಡುಬಂದಿತ್ತು. ಹಾಗಾದರೆ ವಸಡಿಗೆ ಚಿಕಿತ್ಸೆ ಕೊಟ್ಟರೆ ಸಾಕಲ್ಲವಾ ಎಂದು ಅಮೆರಿಕದಲ್ಲಿ ದೊಡ್ಡ ಪ್ರಯೋಗ ಮಾಡಿದರು. 2006ರಲ್ಲಿ ಫಲಿತಾಂಶ ಬಂತು. ವಸಡು ಸುಧಾರಿಸಿತು, ಅವಧಿಪೂರ್ವ ಹೆರಿಗೆ ಕಡಿಮೆಯಾಗಲಿಲ್ಲ. ಮೂತ್ರದ ಸೋಂಕಿನ ಬಗ್ಗೆಯೂ 2015ರಲ್ಲಿ ನೆದರ್ಲೆಂಡ್ಸಿನಿಂದ ಒಂದು ಅಧ್ಯಯನ ಬಂತು. ಬೇರೆ ಯಾವ ತೊಂದರೆಯೂ ಇಲ್ಲದ ಗರ್ಭಿಣಿಯರಲ್ಲಿ, ಲಕ್ಷಣ ತೋರದ ಸೋಂಕಿಗೂ ಬೇಗ ಹೆರಿಗೆಯಾಗುವುದಕ್ಕೂ ಅಂಥ ನಂಟು ಕಾಣಲಿಲ್ಲ. ಕಿಡ್ನಿ ಸೋಂಕು ಮಾತ್ರ ಬ್ಯಾಕ್ಟೀರಿಯಾ ಇದ್ದವರಲ್ಲಿ ಜಾಸ್ತಿ ಇತ್ತು, ಅದೂ ಒಟ್ಟಿನಲ್ಲಿ ಕಡಿಮೆ ಜನಕ್ಕೆ. ಆದರೆ ನೆದರ್ಲೆಂಡ್ಸಿನ ಹೆಣ್ಣುಮಗಳಿಗೆ ಕೆಲಸದ ಜಾಗದಲ್ಲಿ ಶುಚಿಯಾದ ಶೌಚಾಲಯ ಇದೆ, ಮೈಯಲ್ಲಿ ರಕ್ತ ಇದೆ, ಜ್ವರ ಬಂದರೆ ಬೇಗ ಡಾಕ್ಟರು ಸಿಗುತ್ತಾರೆ. ನಮ್ಮ ಹೆಣ್ಣುಮಕ್ಕಳನ್ನು ಆ ಲೆಕ್ಕದಿಂದ ಅಳೆಯಲು ಆಗುವುದಿಲ್ಲ, ಅಲ್ವಾ?

ನೂರು ಗರ್ಭಿಣಿಯರಲ್ಲಿ 2ರಿಂದ 10 ಮಂದಿಗೆ ಮೂತ್ರದಲ್ಲಿ ಹೀಗೆ ಬ್ಯಾಕ್ಟೀರಿಯಾ ಇರುತ್ತದೆ. ಎಷ್ಟೋ ಮಂದಿಗೆ ಉರಿಯೂ ಇರುವುದಿಲ್ಲ, ನೋವೂ ಇರುವುದಿಲ್ಲ. ನನ್ನ ಮಗಳಿಗೆ ಉರಿಯಾದರೂ ಇತ್ತು, ಬಾಯಿ ಬಿಟ್ಟು ಹೇಳಿದಳು. ಏನೂ ಅನ್ನಿಸದವರು ಏನು ಹೇಳುತ್ತಾರೆ? ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಗರ್ಭಿಣಿಯರ ಮೂತ್ರವನ್ನು ಕಲ್ಚರ್ ಮಾಡಿ ನೋಡಿ ಎಂದಿದೆ. ಅದು ಆಗದ ಕಡೆ ಮೂತ್ರದ ಹನಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಗ್ರಾಮ್ ಸ್ಟೇನ್ ಆದರೂ ಮಾಡಿ, ಬರೀ ಪಟ್ಟಿ ಅದ್ದಿ ನೋಡುವುದಕ್ಕಿಂತ ಅದು ಮೇಲು ಎಂದಿದೆ. ಸೋಂಕು ಸಿಕ್ಕರೆ ಏಳು ದಿನದ ಮಾತ್ರೆ.

ಏಳು ದಿನದ ಮಾತ್ರೆ, ಸಾರ್. ಮೂವತ್ತಮೂರು ದಿನ ಆ ಗಾಜಿನ ಮುಂದೆ ನಿಂತು ನಾನು ಇದನ್ನೇ ಎಣಿಸುತ್ತಿದ್ದೆ.

ನನ್ನ ಬೇಡಿಕೆ ದೊಡ್ಡದಲ್ಲ. ಜಿಲ್ಲೆಯ ಪ್ರತಿ ಗರ್ಭಿಣಿಗೂ ನಾಲ್ಕನೇ ತಿಂಗಳು ತುಂಬುವ ಒಳಗೆ ಒಂದು ಸಲ ಮೂತ್ರದ ಕಲ್ಚರ್ ಆಗಲಿ. ಫಲಿತಾಂಶ ಅವಳ ತಾಯಿ ಕಾರ್ಡಿನಲ್ಲಿ ಕಾಣಲಿ. ಕಾರ್ಡು ಮತ್ತೆ ಅಚ್ಚಾಗುವವರೆಗೆ ಕಾಯಬೇಕಿಲ್ಲ, ಒಂದು ರಬ್ಬರ್ ಸೀಲು ಸಾಕು. ಕಲ್ಚರ್ ಕಳಿಸಿದ ದಿನ, ಬಂದ ಫಲಿತಾಂಶ, ಕೊಟ್ಟ ಮಾತ್ರೆ, ಆಮೇಲೆ ಮತ್ತೆ ನೋಡಿದ ದಿನ. ನಾಲ್ಕು ಖಾಲಿ ಜಾಗ. ಖಾಲಿ ಜಾಗ ಕಂಡರೆ ತುಂಬಬೇಕು ಅನ್ನಿಸುತ್ತದೆ. ಜಾಗವೇ ಇಲ್ಲದಿದ್ದರೆ ಎಂಥ ಒಳ್ಳೆ ನರ್ಸಿಗೂ ನೆನಪಾಗುವುದಿಲ್ಲ.

ಒಂದು ಕಾಲಂಗೆ ಎಷ್ಟು ಬೆಲೆ ಇದೆ ಎಂದು ಹೇಳಲು ಪಕ್ಕದ ಮೈಸೂರನ್ನೇ ನೋಡಬಹುದು. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ನಮ್ಮ ಹಿರಿಯರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಮೂರನ್ನೂ ಬರೆದಿಟ್ಟಿತ್ತು. ಆ ಸೂಲಗಿತ್ತಿಯರಿಗೆ ಅದರಿಂದ ಮುಂದೆ ಏನಾಗುತ್ತದೆ ಎಂದು ಗೊತ್ತಿರಲಿಲ್ಲ. ಬರೆಯುವ ಜಾಗ ಇತ್ತು, ಬರೆದರು. ದಶಕಗಳಾದ ಮೇಲೆ ಸಂಶೋಧಕರು ಆ ಪುಸ್ತಕ ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಪರೀಕ್ಷೆ ಮಾಡಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಿಗೆ ವಯಸ್ಸಾದ ಮೇಲೆ ಹೃದಯದ ಕಾಯಿಲೆ ಜಾಸ್ತಿ ಎಂದು ಕಂಡಿತು. 1996ರಲ್ಲಿ ಅದು ಅಚ್ಚಾಯಿತು. ಗರ್ಭದಲ್ಲಿ ಆದದ್ದು ಮುದಿತನದವರೆಗೂ ಬರುತ್ತದೆ ಎಂದು ಜಗತ್ತಿಗೆ ತಿಳಿಸಿದ ಅಧ್ಯಯನಗಳಲ್ಲಿ ನಮ್ಮ ಮೈಸೂರಿನ ಈ ಪುಸ್ತಕಗಳೂ ಇವೆ. ಮೂರು ಅಳತೆ, ಮೂರು ಕಾಲಂ.

ಮಾದರಿ ಕೊಡುವುದನ್ನೂ ಹೇಳಿಕೊಡಬೇಕು. ಕಲ್ಚರ್ ಸರಿಯಾಗಿ ಬರಬೇಕಾದರೆ ತೊಳೆದುಕೊಂಡು, ಮೊದಲ ಸ್ವಲ್ಪ ಬಿಟ್ಟು, ನಡುವಿನ ಧಾರೆಯನ್ನು ಶುಚಿಯಾದ ಡಬ್ಬಿಯಲ್ಲಿ ಹಿಡಿಯಬೇಕು. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಮನೆಯಿಂದ ಕೆಮ್ಮಿನ ಔಷಧಿಯ ಹಳೇ ಬಾಟಲಿಯಲ್ಲಿ ತುಂಬಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬ್ಯಾಗಿನಲ್ಲಿ ಬುತ್ತಿಯ ಪಕ್ಕ ಇಟ್ಟುಕೊಂಡು ಬಂದ ಹೆಣ್ಣುಮಗಳನ್ನು ನಾನೇ ನೋಡಿದ್ದೇನೆ. ಅವಳ ತಪ್ಪಲ್ಲ. ಆಸ್ಪತ್ರೆಯ ಶೌಚಾಲಯದ ಚಿಲಕ ಮುರಿದಿತ್ತು, ಬಕೆಟ್‌ನಲ್ಲಿ ನೀರಿರಲಿಲ್ಲ. ಹಿಡಿದ ಮೂತ್ರ ಎರಡು ಗಂಟೆ ಹೊರಗೆ ಕೂತರೆ ಅದರೊಳಗಿನ ಕ್ರಿಮಿಗಳು ತಾವೇ ಹೆಚ್ಚಿಕೊಳ್ಳುತ್ತವೆ, ಫಲಿತಾಂಶ ಕೆಡುತ್ತದೆ. ತಣ್ಣಗೆ ಇಟ್ಟರೆ ಒಂದು ದಿನ ತಡೆಯುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಜಿಲ್ಲಾ ಪ್ರಯೋಗಾಲಯಕ್ಕೆ ಐಸ್ ಪ್ಯಾಕ್ ಹಾಕಿದ ಒಂದು ಪೆಟ್ಟಿಗೆ ಹೋದರೆ ಆಯಿತು. ಲಸಿಕೆ ಡಬ್ಬಿಯೊಳಗೇ ಇದನ್ನು ತುರುಕಬಾರದು, ಬೇರೆ ಪೆಟ್ಟಿಗೆ ಬೇಕು. ಪ್ರತಿ ತಿಂಗಳ 9ನೇ ತಾರೀಖು ಸುರಕ್ಷಿತ ಮಾತೃತ್ವ ಅಭಿಯಾನದ ದಿನ ಹೇಗೂ ಗರ್ಭಿಣಿಯರು ಸೇರುತ್ತಾರೆ. 2016ರಿಂದ ನಡೆದು ಬಂದಿರುವ ದಿನ ಅದು. ಅವತ್ತು ಒಂದು ಗಾಡಿ ಸುತ್ತಿ ಬಂದರೆ ಸಾಕು.

ಇದಕ್ಕೆ ಅನುಕೂಲ ಇಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. 2023ರ ಕೊನೆಯಲ್ಲಿ ನಮ್ಮದೇ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣೋ ಗಂಡೋ ಎಂದು ನೋಡುತ್ತಿದ್ದ ಜಾಲ ಸಿಕ್ಕಿಬಿತ್ತು. ಹೆಣ್ಣುಮಗುವನ್ನು ಕೊಲ್ಲಲು ಬೆಲ್ಲ ಕಾಯಿಸುವ ಜಾಗಕ್ಕೆ ಯಂತ್ರ ಬರುತ್ತದೆ. ಹೆಣ್ಣುಮಗುವನ್ನು ಉಳಿಸಲು ಒಂದು ಡಬ್ಬಿ ಮೂತ್ರ ಲ್ಯಾಬಿಗೆ ಹೋಗಬಾರದೇ?

ಕಬ್ಬಿಣಾಂಶದ ಮಾತ್ರೆಯ ವಿಷಯವೂ ಇದಕ್ಕೆ ತಗುಲಿಕೊಂಡಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇಕಡಾ 52ರಷ್ಟು ಮಂದಿಗೆ ರಕ್ತಹೀನತೆ. ಮೈಯಲ್ಲಿ ಉರಿಯೂತ ಇದ್ದಾಗ ಲಿವರ್ ಹೆಪ್ಸಿಡಿನ್ ಅನ್ನುವ ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ಅದು ಕರುಳಿನಿಂದ ರಕ್ತಕ್ಕೆ ಹೋಗುವ ಕಬ್ಬಿಣದ ದಾರಿ ಮುಚ್ಚುತ್ತದೆ. ಕ್ರಿಮಿಗೆ ಕಬ್ಬಿಣ ಸಿಗದಿರಲಿ ಎಂದು ಮೈ ಹೂಡುವ ಉಪಾಯ ಅದು. ಆದರೆ ಬಸುರಿಗೆ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರುವುದಿಲ್ಲ. ಆಗ ಅವಳಿಗೆ ಬೈಗುಳ: “ಮಾತ್ರೆ ತಿಂತಿಲ್ಲ ನೀನು, ತಿಪ್ಪೆಗೆ ಹಾಕ್ತೀಯ.” ಎಲ್ಲರ ವಿಷಯದಲ್ಲೂ ಸೋಂಕೇ ಕಾರಣ ಅಲ್ಲ. ಆದರೆ ನಿಯತ್ತಾಗಿ ನುಂಗಿದವಳನ್ನು ಗದರುವ ಮೊದಲು ಒಂದು ಕಲ್ಚರ್ ನೋಡಿ ಎಂದು ನಿಮ್ಮ ಸಿಬ್ಬಂದಿಗೆ ದಯವಿಟ್ಟು ಹೇಳಿ.

ಮೆಡಿಕಲ್ ಶಾಪಿಗೆ ಹೋಗಿ “ಉರಿಮೂತ್ರಕ್ಕೆ ಏನಾದ್ರೂ ಕೊಡಿ” ಎಂದು ಕೇಳಿ ಎರಡು ದಿನದ ಮಾತ್ರೆ ತರುವುದೂ ನಮ್ಮ ಕಡೆ ಇದೆ. ಕೆಲವು ಆ್ಯಂಟಿಬಯೋಟಿಕ್ ಬಸುರಿಯರಿಗೆ ಕೊಡುವಂತೆಯೇ ಇಲ್ಲ. ಟೆಟ್ರಾಸೈಕ್ಲಿನ್ ಮಗುವಿನ ಹಲ್ಲು, ಮೂಳೆಗೆ ತೊಂದರೆ ಮಾಡುತ್ತದೆ. ಅರ್ಧ ಕೋರ್ಸಿಗೆ ಬಿಟ್ಟರೆ ಕ್ರಿಮಿ ಗಟ್ಟಿಯಾಗುತ್ತದೆ. ಯಾವ ಔಷಧಿಗೆ ಯಾವ ಕ್ರಿಮಿ ಬಗ್ಗುತ್ತದೆ ಎಂದು ಹೇಳುವುದೂ ಅದೇ ಕಲ್ಚರ್ ವರದಿ.

ಇನ್ನು ಶೌಚಾಲಯ. ಇದು ನಿಮ್ಮ ಇಲಾಖೆಗೆ ಸೇರಿದ್ದಲ್ಲ ಎಂದು ನನಗೆ ಗೊತ್ತು. ಆದರೂ ಜಿಲ್ಲಾ ಮಟ್ಟದ ಸಭೆಗಳಲ್ಲಿ ಕೂರುವವರು ನೀವು. ನಮ್ಮ ಊರಿಂದ ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯರು ಬೆಳಿಗ್ಗೆ ವ್ಯಾನ್ ಹತ್ತಿದ ಮೇಲೆ ನೀರಿನ ಬಾಟಲಿ ಮುಚ್ಚಳ ತೆಗೆಯುವುದಿಲ್ಲ. ಟಾರ್ಗೆಟ್ ಇರುತ್ತದೆ, ಪದೇ ಪದೇ ಎದ್ದು ಹೋದರೆ ಸೂಪರ್‌ವೈಸರ್ ಮುಖ ಗಂಟು ಹಾಕುತ್ತಾನೆ. ಕಬ್ಬು ಕಡಿಯಲು ಬೇರೆ ಜಿಲ್ಲೆಯಿಂದ ಬಂದು ಗದ್ದೆ ಬದಿಯ ಟೆಂಟಿನಲ್ಲಿ ಇರುವ ಬಸುರಿಯರಿಗೆ ಕತ್ತಲಾಗುವವರೆಗೂ ಮರೆ ಸಿಗುವುದಿಲ್ಲ. ಕಾರ್ಖಾನೆಗಳಲ್ಲಿ ಹೆಂಗಸರಿಗೆ ಬೇರೆ ಶೌಚಾಲಯ ಇರಲೇಬೇಕು ಎಂದು 1948ರ ಕಾಯ್ದೆಯ ಕಾಲದಿಂದಲೂ ಕಾನೂನು ಹೇಳುತ್ತಾ ಬಂದಿದೆ. ಗದ್ದೆಗೆ ಯಾವ ಕಾಯ್ದೆ? ಆ ಟೆಂಟುಗಳಿಗೆ ಆಶಾ ಕಾರ್ಯಕರ್ತೆಯರು ಹೋಗಲಿ, ಅವರಿಗೂ ಕಾರ್ಡು ಸಿಗಲಿ ಎಂದು ನೀವು ಒಂದು ಆದೇಶ ಹೊರಡಿಸಬಹುದು. ಬೇಸಿಗೆ ಮುಗಿದು ಅವರು ಬೇರೆ ಕಡೆ ಹೋದರೆ ಆ ಕಾರ್ಡು ಅವರ ಜೊತೆ ಹೋಗುತ್ತದೆ.

ಆಶಾ ಕಾರ್ಯಕರ್ತೆಯರಿಗೆ ನಾನು ಹೇಳಿಕೊಡುವಷ್ಟು ದೊಡ್ಡವಳಲ್ಲ. ನಮ್ಮ ಊರಿನಾಕೆ ನಡುರಾತ್ರಿ 108ಕ್ಕೆ ಫೋನ್ ಮಾಡಿ ಎಷ್ಟು ಜನರ ಜೀವ ಉಳಿಸಿದ್ದಾಳೋ. ಒಂದು ಕೋರಿಕೆ ಮಾತ್ರ. ‘ಏನಾದ್ರೂ ತೊಂದರೆ ಇದ್ಯಾ’ ಎಂದು ಕೇಳಿದರೆ ನಮ್ಮ ಹೆಣ್ಣುಮಕ್ಕಳು ‘ಏನಿಲ್ಲ ಅಕ್ಕ’ ಅಂದುಬಿಡುತ್ತಾರೆ. ಅತ್ತೆ ಪಕ್ಕದಲ್ಲೇ ಇರುತ್ತಾರೆ. ಅಂಗನವಾಡಿಗೆ ಬಂದಾಗ, ಅಲ್ಲಿ ಬರೀ ಹೆಂಗಸರೇ ಇರುವಾಗ, ಬಿಡಿಸಿ ಕೇಳಿ. ಒಂದಕ್ಕೆ ಹೋದರೆ ಉರಿಯುತ್ತಾ? ಪದೇ ಪದೇ ಹೋಗಬೇಕು ಅನ್ನಿಸುತ್ತಾ? ಮೂತ್ರ ಕದಡಿದ ಹಾಗಿದೆಯಾ, ವಾಸನೆ ಬರುತ್ತಾ? ಬಿಳಿ ಸೆರಗು ಜಾಸ್ತಿಯಾಗಿ ತುರಿಕೆ ಇದೆಯಾ? ಪಕ್ಕೆ ಹಿಡಿದುಕೊಂಡ ಹಾಗಿದೆಯಾ, ಮೈ ನಡುಗಿತಾ? ಇವುಗಳಲ್ಲಿ ಯಾವುದಕ್ಕೆ ಹೌದು ಅಂದರೂ ಅವಳನ್ನು ಅದೇ ದಿನ ಡಾಕ್ಟರ ಹತ್ತಿರ ಕಳಿಸಿ.

ಅತ್ತೆಯಂದಿರೇ, ಅಮ್ಮಂದಿರೇ, ನಿಮಗೂ ಒಂದು ಮಾತು. ‘ಉಷ್ಣ’ ಅನ್ನುವ ಪದವನ್ನು ನಾನೂ ಬಿಟ್ಟಿಲ್ಲ. ಬಾಯಿ ಹುಣ್ಣಿಗೂ ಅದೇ, ಕಣ್ಣುರಿಗೂ ಅದೇ, ಮೂಗಿನಿಂದ ರಕ್ತ ಬಂದರೂ ಅದೇ ಅನ್ನುತ್ತೇವೆ. ಎಳನೀರು ಕೊಡಿ, ಮಜ್ಜಿಗೆ ಕೊಡಿ, ನೀರು ಜಾಸ್ತಿ ಕುಡಿಸಿ, ಅದರಿಂದ ಒಳ್ಳೆಯದೇ ಆಗುತ್ತದೆ. ಆದರೆ ಬಸುರಿ ಉರಿ ಅಂದರೆ ಎಳನೀರು ಕುಡಿಸಿ ಸುಮ್ಮನಾಗಬೇಡಿ. ಲೋಟ ಕೈಗೆ ಕೊಟ್ಟು, ಹಾಗೇ ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾಲ್ಕು ದಿನಕ್ಕೆ ಉರಿ ತಾನೇ ನಿಂತರೂ ಕರೆದುಕೊಂಡು ಹೋಗಿ. ನನ್ನ ಮಗಳಿಗೂ ನಿಂತಿತ್ತು.

ಸಾರ್, ನಮ್ಮ ಬೀದಿಯ ಕೊನೆ ಮನೆಯ ಸೊಸೆಗೆ ಈಗ ಮೂರು ತಿಂಗಳು. ಮೊನ್ನೆ ಬಾಗೀನ ಕೊಡಲು ಹೋದಾಗ ಅವಳ ಕಾರ್ಡು ನೋಡಿದೆ. ಹೊಸದು, ಇನ್ನೂ ಗರಿಗರಿಯಾಗಿದೆ. ಮೂತ್ರದ ಕಡೆ ಅದೇ ಎರಡು ಕಾಲಂ. ಮೊದಲನೇ ಸಾಲಿನಲ್ಲಿ ‘ನಿಲ್’, ‘ನಿಲ್’ ಆಗಲೇ ತುಂಬಿದ್ದಾರೆ. ಮುಂದಿನ 9ನೇ ತಾರೀಖು ನಾನೇ ಅವಳನ್ನು ನಮ್ಮ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಬರುತ್ತೇನೆ. ಕುದಿಸಿ ಆರಿಸಿದ ಡಬ್ಬಿಯೂ ನನ್ನ ಹತ್ತಿರ ಇದೆ. ಅದನ್ನು ಯಾರ ಕೈಗೆ ಕೊಡಬೇಕು, ಎಷ್ಟು ಗಂಟೆಯೊಳಗೆ ಕೊಡಬೇಕು, ಫಲಿತಾಂಶ ಯಾವತ್ತು ಬರುತ್ತದೆ ಎಂದು ಅಷ್ಟರೊಳಗೆ ನಮ್ಮ ಕೇಂದ್ರಕ್ಕೆ ತಿಳಿಸುವ ಏರ್ಪಾಡು ಮಾಡಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿ, ಪುಟ್ಟಿಯ ಅಜ್ಜಿ
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ